ದೊರೆಯ ಫಾರಂನಲ್ಲಿ ಖಾಲಿ ಉಳಿದ ಗೆರೆ

ಇಸ್ತ್ರಿಯಮ್ಮ ಪರದೇಶಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಬಿಸಿ ರೋಲರಿನ ಬಾಯಿಗೆ ಒದ್ದೆ ಬೆಡ್‌ಶೀಟ್ ಕೊಡುತ್ತಾ ನಿಲ್ಲುವುದು ಅವಳ ಕೆಲಸ. ಸಂಜೆ ಮನೆ ಸೇರುವಾಗ ಕಾಲು ತನ್ನದೋ ಬೇರೆಯವರದೋ ಎನ್ನುವಷ್ಟು ಸುಸ್ತು. ಮನೆಯಲ್ಲಿ ಕಾಯುವ ಜೀವ ಒಂದೇ, ಹನ್ನೆರಡು ವರ್ಷದ ನಾಯಿ. ಹೆಸರು ದೊರೆ. ಮಂಚದ ಮೇಲೆ ಅದು, ನೆಲದ ಮೇಲೆ ಇವಳು. ಹೆಸರಿಗೆ ತಕ್ಕ ದರ್ಬಾರು!

ದೊರೆಯ ಹೃದಯ ಸರಿಯಿಲ್ಲ. ಹೋದ ತಿಂಗಳು ಪರೀಕ್ಷೆಗೆಂದು ಪಶುವೈದ್ಯರ ಬಳಿ ಬಿಟ್ಟು ಕೆಲಸಕ್ಕೆ ಹೋದ ದಿನವೇ ಅದಕ್ಕೆ ಉಸಿರು ಕಟ್ಟಿತು. ಅವರು ಏಳು ಸಲ ಫೋನು ಮಾಡಿದ್ದರು. ಲಾಂಡ್ರಿಯಲ್ಲಿ ಶಿಫ್ಟ್ ಮುಗಿಯುವವರೆಗೆ ಫೋನು ಬೀರುವಿನೊಳಗೆ, ಬೀಗ ಹಾಕಿ. ನಾಯಿ ಹೇಗೋ ಬದುಕಿತು. ಡಾಕ್ಟರಮ್ಮ ಮಾತ್ರ ಒಂದು ಫಾರಂ ಮುಂದಿಟ್ಟರು.

"ಮುಂದಿನ ಸಲ ನೀವು ಸಿಗದೆ ಹೋದ್ರೆ, ಚಿಕಿತ್ಸೆ ಮುಂದುವರಿಸೋದೋ ನಿಲ್ಲಿಸೋದೋ ಅಂತ ಇನ್ನೊಬ್ರು ಹೇಳ್ಬೇಕು. ಅವರ ಹೆಸರು ಬರೆಸ್ಕೊಂಡು ಬನ್ನಿ."

ಇಸ್ತ್ರಿಯಮ್ಮ ಮಿಕ್ಕಿದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದಳು. ಮಾತ್ರೆ, ಕಂಬಳಿ, ಹಳೆಯ ಚೀಟಿಗಳು ಚೀಲ ಸೇರಿ ಬಾಗಿಲ ಬಳಿ ಕೂತವು. ನಾಯಿ ಹತ್ತಿಸಿಕೊಳ್ಳುವ ಟ್ಯಾಕ್ಸಿಯ ನಂಬರು ಗೋಡೆ ಏರಿತು. ಯುದ್ಧಕ್ಕೆ ಹೊರಟವರೂ ಇಷ್ಟು ಸಿದ್ಧತೆ ಮಾಡಿರಲಾರರು. ಫಾರಂನಲ್ಲಿ ಹೆಸರಿನ ಆ ಒಂದು ಗೆರೆ ಮಾತ್ರ ಹಾಗೇ ಖಾಲಿ.

ರೋಲರಿನ ಆಚೆ ಬದಿಯಲ್ಲಿ ಶೀಟು ಮಡಚುವ ಗೆಳತಿಯನ್ನು ಕೇಳಿದಳು. "ಚೀಲ ಬೇಕಾದ್ರೆ ಹೊರ್ತೀನಿ ಕಣೇ, ಪಾಪ ಹೊರೋಕಾಗಲ್ಲ" ಎಂದಳು ಅವಳು. ಊರಿನಲ್ಲಿದ್ದ ಅಕ್ಕ ಫೋನಿನಲ್ಲಿ, "ನನ್ನ ಹೆಸರೇ ಬರ್ಕೋ, ಅದಕ್ಕೇನಂತೆ?" ಎಂದಳು.

"ಇಲ್ಲಿ ಹಗಲಾದಾಗ ನೀನು ಗೊರಕೆ ಹೊಡೀತಿರ್ತೀಯಲ್ಲಕ್ಕ!"

ಕೊನೆಗೆ ಉಳಿದವರು ಕೆಳಮನೆಯ ರಿಟೈರಾದ ಬಸ್ ಡ್ರೈವರು. ಒಂಟಿ ಮನುಷ್ಯ. ಫೋನು ಒಮ್ಮೆ ಬಡಿದುಕೊಂಡರೆ ಸಾಕು, ಎತ್ತಿಬಿಡುತ್ತಾರೆ; ಮಾಡುವವರು ಯಾರೂ ಇಲ್ಲವಲ್ಲ. ಭಾನುವಾರ ಬೆಳಿಗ್ಗೆ ದೊರೆಯನ್ನೂ ಕರೆದುಕೊಂಡು ಹೋದಳು. ಅವರು ಕನ್ನಡಕ ಹಾಕಿಕೊಂಡು ಫಾರಂ ಎರಡು ಸಲ ಓದಿದರು.

"ಸೈನ್ ಹಾಕ್ತೀನಮ್ಮ. ಅವರು ಕೇಳಿದಾಗ ಏನು ಹೇಳ್ಲಿ?"

"ನಿಮಗೆ ಸರಿ ಅನ್ಸಿದ್ದು ಹೇಳಿ."

"ಅದಾಗಲ್ಲ. ನಲವತ್ತು ವರ್ಷ ಬಸ್ ಓಡಿಸಿದ್ದೀನಿ. ಎಲ್ಲಿ ಇಳಿಸ್ಬೇಕು ಅಂತ ಹತ್ತಿದವರೇ ಹೇಳ್ಬೇಕು."

ಇಸ್ತ್ರಿಯಮ್ಮ ಸ್ಟೂಲು ಎಳೆದುಕೊಂಡು ಕೂತಳು. ತಿಂಗಳಿಂದ ಅವಳು ಓಡಿ ತಪ್ಪಿಸಿಕೊಂಡಿದ್ದ ಪ್ರಶ್ನೆ ಅದೇ. ಇನ್ನು ಓಡುವ ಶಕ್ತಿಯೂ ಇರಲಿಲ್ಲ.

"ನಮ್ಮಮ್ಮ ಹೋಗುವಾಗ ನಾನಿಲ್ಲಿದ್ದೆ," ಎಂದಳು. "ನಾನು ಬಂದು ಮುಖ ನೋಡ್ಲಿ ಅಂತ ಅಮ್ಮನ್ನ ಎರಡು ದಿನ ಮಿಷನ್ ಮೇಲೆ ಇಟ್ಟಿದ್ರು. ಹೋದೆ, ನೋಡ್ದೆ. ಗಂಟಲಲ್ಲಿ ಪೈಪು. ಕೈ ಎರಡೂ ಮಂಚಕ್ಕೆ ಕಟ್ಟಿದ್ರು. ಯಾರನ್ನ ಬಯ್ಯೋದು? 'ಬರ್ತಿದ್ದೀನಿ, ಕಾಯಿಸಿ' ಅಂದವಳು ನಾನೇ."

ದೊರೆ ನೆಲದ ಮೇಲೆ ಮಲಗಿ ಏದುಸಿರು ಬಿಡುತ್ತಿತ್ತು.

"ಅದಕ್ಕೆ ನೋವಾಗ್ತಿದ್ರೆ, ಇನ್ನು ಸಾಕು ಅಂತ ಡಾಕ್ಟರು ಅಂದ್ರೆ, ಹೂಂ ಅಂದುಬಿಡಿ. ನಾನು ಬರೋವರೆಗೂ ಕಾಯಿಸ್ಬೇಡಿ. ನೀವು ಹತ್ರ ಇರಿ ಅಷ್ಟೇ. ಕಿವಿ ಹಿಂದೆ ಸವರ್ತಾ ಇದ್ರೆ ಅದಕ್ಕೆ ಸಮಾಧಾನ."

ಅವರು ಗೆರೆಯ ಮೇಲೆ ನಿಧಾನವಾಗಿ ಹೆಸರು ಬರೆದರು. ಆಮೇಲೆ ಒಂದು ಚೀಟಿ ತೆಗೆದುಕೊಂಡು, ಅವಳು ಹೇಳಿದ್ದನ್ನೆಲ್ಲ ಬರೆದುಕೊಳ್ಳತೊಡಗಿದರು. ಮಧ್ಯದಲ್ಲಿ ಪೆನ್ನು ನಿಲ್ಲಿಸಿ ತಲೆಯೆತ್ತಿದರು.

"ಯಾವ ಕಿವಿ ಅಮ್ಮ?"

"ಎಡಗಿವಿ" ಎಂದಳು ಇಸ್ತ್ರಿಯಮ್ಮ. ತಿಂಗಳಿಡೀ ಬಾರದಿದ್ದ ಅಳು ಆಗ ಬಂತು.