ಮೋಡಕ್ಕೂ ಬಲೆ ಹಾಕಿದ ಚನ್ನಬಸಯ್ಯ

ಶುಕ್ರವಾರ, ಬೆಳಗಿನ ಜಾವ. ಕುವೈತಿನ ಸಾಲ್ಮಿಯಾದ ಮೀನೂಟದ ಹೋಟೆಲ್ಲೊಂದರಲ್ಲಿ, ಗೋಡೆಯುದ್ದಕ್ಕೂ ಕಟ್ಟಿದ ಬಟ್ಟೆಯ ಹಿಂದೆ, ಚನ್ನಬಸಯ್ಯ ಸ್ಟೂಲಿನ ಮೇಲೆ ನಿಂತು ಅಲೆಗಳಿಗೆ ನೊರೆ ಹಚ್ಚುತ್ತಿದ್ದಾರೆ. ಮೂಗಿಗೆ ಕರವಸ್ತ್ರ ಕಟ್ಟಿದೆ. ಬಣ್ಣದ ವಾಸನೆಗೆ ಇರಬೇಕು ಅಂದುಕೊಂಡೆ. ಅಲ್ಲವಂತೆ.

"ಪೇಂಟಿನ ವಾಸನಿ ನನಗ ಅತ್ತರ ಇದ್ದಂಗ್ರಿ. ಇದು ಮೀನಿಂದು. ನಾವು ಅಯ್ಯನೋರು, ತತ್ತೀನೂ ಮುಟ್ಟಂಗಿಲ್ಲ."

ಗದಗ ಕಡೆಯ ಈ ಸಸ್ಯಾಹಾರಿಯ ಕೈಯಲ್ಲಿ ಗೋಡೆ ತುಂಬ ಕಡಲು ಬರೆಸುತ್ತಿರುವವರು ಹೋಟೆಲ್ ನಡೆಸುವ ಮಂಗಳೂರಿನ ಮೇಬಲ್ ಬಾಯಿ. ಊರಿನಲ್ಲಿ ಚನ್ನಬಸಯ್ಯ ಅಂಗಡಿ ಬೋರ್ಡು, ಲಾರಿಗಳ ಹಿಂಬದಿಗೆ ನವಿಲು ಬರೆಯುತ್ತಿದ್ದರು. ಫ್ಲೆಕ್ಸ್ ಬಂದು ಕುಂಚಕ್ಕೆ ಕೆಲಸ ತಪ್ಪಿತು. ಕುವೈತಿಗೆ ಬಂದರೆ ಸಬ್ಹಾನಿನ ಗೋದಾಮುಗಳ ನೆಲಕ್ಕೆ ಹಳದಿ ಗೆರೆ ಎಳೆಯುವ ಕೆಲಸ.

"ಇಲ್ಲಿ ಇರಾಕ ಕೊಡೂ ಇಕಾಮಾ ಕಾರ್ಡಿನಾಗ ಪೇಂಟರ್ ಅಂತ ಐತ್ರಿ. ಎಂಥಾ ಪೇಂಟರ್ ಅಂತ ಕೆಲಸಕ್ಕ ಕರಸಿದ ಕಫೀಲ್ ಕೇಳಲಿಲ್ಲ, ನಾ ಹೇಳಲಿಲ್ಲ. ಈಗ ಕನಸಿನಾಗೂ ಫೋರ್ಕ್‌ಲಿಫ್ಟ್ ಬರ್ತಾವು."

ಹಳದಿ ಗೆರೆಯ ಕೆಳಗೆ ಯಾರೂ ಹೆಸರು ಬರೆಯುವುದಿಲ್ಲ. ಈ ಗೋಡೆಯ ಮೂಲೆಯಲ್ಲಾದರೂ ತಮ್ಮ ಹೆಸರಿರಬೇಕೆಂದು ಅವರು ವಾರದ ರಜೆಗಳನ್ನೆಲ್ಲ ಇಲ್ಲಿಗೇ ಸುರಿದಿದ್ದಾರೆ.

ಕಡಲನ್ನು ಅವರು ಮೊದಲು ಕಂಡದ್ದು ವಿಮಾನದ ಕಿಟಕಿಯಿಂದ. "ಹರಗಿದ ಎರಿ ಹೊಲ ಅನ್ಕೊಂಡಿದ್ದೆ" ಎಂದು ನಗುತ್ತಾರೆ. ಗೋಡೆಯ ಅಲೆಗಳೂ ಉತ್ತ ಸಾಲಿನಂತೆ ಶಿಸ್ತಾಗಿವೆ. ಆದರೆ ಕಣ್ಣಿಗೆ ಹೊಡೆಯುವುದು ಬಲೆಗಳು. ದೋಣಿಯಲ್ಲಿ ಬಲೆ, ದಂಡೆಯಲ್ಲಿ ಬಲೆ, ನೀರಿನ ತುಂಬ ಬಲೆ. ಮೋಡಕ್ಕೂ ಒಂದು ಬಲೆ ಸಿಕ್ಕಿಕೊಂಡಿದೆ. ಮೀನು ಮಾತ್ರ ಒಂದೂ ಇಲ್ಲ. ಕೇಳೋಣವೆಂದರೆ ಅಷ್ಟರಲ್ಲಿ ಬಾಗಿಲು ತೆಗೆದ ಸದ್ದಾಗುತ್ತದೆ. ಬಂದವರು ಮೇಬಲ್ ಬಾಯಿ.

ಮುಗಿಯುವ ತನಕ ನೋಡಕೂಡದು ಎಂದು ಹಟ ಹಿಡಿದಿದ್ದ ಕಲಾವಿದರು ಹೆಮ್ಮೆಯಿಂದ ಬಟ್ಟೆ ಇಳಿಸುತ್ತಾರೆ. ಮೇಬಲ್ ಬಾಯಿ ಹೆಗಲ ಚೀಲವನ್ನೂ ಇಳಿಸದೆ ನಿಂತುಬಿಡುತ್ತಾರೆ.

"ಎಂತ ಮಾರಾಯ್ರೆ ಇದು? ಕಡಲು ಎಲ್ಲುಂಟು? ಬರೀ ಬಲೆಯೇ ಉಂಟಲ್ಲ! ಖಲಾಸ್, ಬಿಳಿ ಬಣ್ಣ ಹೊಡೀರಿ."

ಗೋಡೆಗಿಂತ ಮೊದಲು ಚನ್ನಬಸಯ್ಯನವರ ಮುಖ ಬಿಳುಚಿಕೊಳ್ಳುತ್ತದೆ. "ನೀವ ಹೇಳಿದ್ರಲ್ರಿ ಅಕ್ಕಾರ! ನಾ ಬಟ್ಟಿ ಹಿಂದ ಕೆಲಸಾ ಮಾಡೂ ಮುಂದ ಗಲ್ಲಾ ಕಡಿಂದ ಒಂದ ಸವನ ಬಲೆ, ಬಲೆ ಅಂತ ಒದರ್ತಿದ್ರಿ. ನಾ ಒಂದು ಬರದ್ರ ಮತ್ತ ಬಲೆ ಅಂತಿದ್ರಿ. ನೀರಾಗ ಜಾಗಾ ಮುಗದು ಮ್ವಾಡಕ್ಕ ಹಾಕೀನ್ರಿ!"

ಮೇಬಲ್ ಬಾಯಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಗುತ್ತದೆ. ಆಮೇಲೆ ಕುರ್ಚಿ ಎಳೆದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. "ದೇವಾ! ನಾನು ಗಿರಾಕಿಗಳನ್ನು ಕರೆದದ್ದು. ತುಳುವಿನಲ್ಲಿ ಬಲೆ ಅಂದ್ರೆ ಬನ್ನಿ ಅಂತ!"

ನಕ್ಕು ಸುಸ್ತಾದ ಮೇಲೆ ತೀರ್ಪು ಬರುತ್ತದೆ. "ಇರ್ಲಿ, ಬಿಳಿ ಬಣ್ಣ ಬೇಡ. ಊರವರಿಗೆಲ್ಲ ಈ ಕತೆ ಹೇಳ್ಬೇಕು ನಂಗೆ. ಮೂಲೆಯಲ್ಲಿ ನಿಮ್ಮ ಹೆಸರು ಹಾಕಿ." ಚನ್ನಬಸಯ್ಯ ಕರವಸ್ತ್ರ ಬಿಚ್ಚಿ, ಮುಖ ಒರೆಸಿಕೊಂಡು, ಲಾರಿಗೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಹೆಸರು ಬರೆಯುತ್ತಾರೆ.

ಮಧ್ಯಾಹ್ನ ಹೋಟೆಲ್ ತುಂಬಿದೆ. ಆಸ್ಪತ್ರೆಯ ನರ್ಸುಗಳು, ಸಬ್ಹಾನಿನ ಹುಡುಗರು, ಎಲ್ಲರಿಗೂ ಬಾಗಿಲಲ್ಲೇ "ಬಲೆ, ಬಲೆ." ಬೆಳಿಗ್ಗೆ ಬಾಕಿ ಉಳಿದ ಪ್ರಶ್ನೆಯನ್ನು ಈಗ ಕೇಳುತ್ತೇನೆ: ಬಲೆಯೊಳಗೆ ಮೀನು ಯಾಕಿಲ್ಲ?

ಚನ್ನಬಸಯ್ಯ ಕುಂಚದಿಂದ ಟೇಬಲ್ಲುಗಳ ಕಡೆ ತೋರಿಸುತ್ತಾರೆ.

"ಇಲ್ಲೇ ಕುಂತೀವಲ್ರಿ. ಊರಾಗ ಕುವೈತಿಗೆ ಕಳಸೂ ಏಜೆಂಟನೂ ಬರ್ರಿ, ಬರ್ರಿ ಅಂತಿದ್ದ. ಆಗ ನನಗ ತುಳು ಗೊತ್ತಿರಲಿಲ್ಲ ನೋಡ್ರಿ."