ನಮ್ಮ ಓಣಿಯ ಹೆಂಜೇರಪ್ಪಂದಿರು

ಗಂಜಿ ಹಾಕಿದ ಬಟ್ಟೆಯ ಮೇಲೆ ನೀರು ಚಿಮುಕಿಸಿ, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಎಳೆದಾಗ ಒಂದು ವಾಸನೆ ಏಳುತ್ತದಲ್ಲ, ಅರ್ಧ ಅನ್ನದ್ದು, ಅರ್ಧ ಹೊಗೆಯದು, ಅದು ಮಡಕಶಿರಾದ ನಮ್ಮ ಮನೆಯೆದುರಿನ ಇಸ್ತ್ರಿ ಗಾಡಿಯಿಂದ ತೇಲಿ ಬಂದರೆ ಸಾಕು, ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಂತುಬಿಡುತ್ತದೆ. ನಾನು ರಾಯದುರ್ಗದ ಕೋಟೆಗುಡ್ಡದ ಬುಡದ ಓಣಿಯಲ್ಲಿ, ಅಜ್ಜನ ಮನೆಯ ಪಡಸಾಲೆಯಲ್ಲಿ ನಿಂತಿರುತ್ತೇನೆ. ಕಾಲಡಿಗೆ ಬಣ್ಣಬಣ್ಣದ ಚಿಂದಿ. ಮಿಷಿನ್ನಿನ ಎಣ್ಣೆಯ ವಾಸನೆ, ಒಳಗಿನಿಂದ ಅಜ್ಜಿ ಒಗ್ಗರಣೆಗೆ ಹಾಕಿದ ಬೆಳ್ಳುಳ್ಳಿಯ ವಾಸನೆ, ಎಲ್ಲದರ ಮೇಲೆ ಮಳೆಯಂತೆ ಒಂದೇ ಸಮನೆ ಸುರಿಯುವ ಪೆಡಲಿನ ಸದ್ದು. ಆ ಸದ್ದಿನಲ್ಲೇ ನಾವು ಮಗ್ಗಿ ಕಲಿತೆವು, ಆ ಸದ್ದಿನಲ್ಲೇ ನಿದ್ದೆ ಹೋದೆವು. ಈಗ ಆ ಜಾಗದಲ್ಲಿ ಗಾಜಿನ ಬಾಗಿಲಿನ ಎತ್ತರದ ಅಂಗಡಿ ಎದ್ದಿದೆ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು. ಗೋಡೆ ಬಿದ್ದ ಮೇಲೂ ಮೂಗಿನಲ್ಲಿ ನಿಂತುಕೊಂಡಿರುವಂಥದು.

ನಮ್ಮಜ್ಜನ ಹೆಸರು ಹೆಂಜೇರಪ್ಪ. ಮಡಕಶಿರಾ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇಮಾವತಿಗೆ ಹಿಂದೆ ಹೆಂಜೇರು ಎಂಬ ಹೆಸರಿತ್ತು. ಅಲ್ಲಿನ ಸಿದ್ಧೇಶ್ವರನನ್ನು ನಮ್ಮ ಕಡೆಯವರು ಹೆಂಜೇರಪ್ಪ ಎಂದೇ ಕರೆಯುವುದು. ಅಜ್ಜನ ಊರು ಅಗಳಿಯ ಹತ್ತಿರದ ಹಳ್ಳಿ. ಅವನ ತಾಯಿ ತುಂಬಿದ ಬಸುರಿಯಾಗಿದ್ದಾಗಲೂ ಹೇಮಾವತಿಯ ಕಡೆ ರಾಗಿ ಕುಯ್ಯಲು ಹೋಗಿದ್ದಳಂತೆ. ಹೊಲದಲ್ಲೇ ನೋವು ಶುರುವಾಗಿ, ಜೊತೆಯ ಹೆಂಗಸರು ಗುಡಿಯ ಹತ್ತಿರದ ಒಂದು ಮನೆಯ ಜಗಲಿಗೆ ಸೇರಿಸಿದರು. ಆ ಮನೆಯವರು ಒಗೆದ ಸೀರೆಯೊಂದನ್ನು ಹರಿದು ಕೂಸನ್ನು ಸುತ್ತಿಕೊಟ್ಟರು. "ಊರ ಹೆಸ್ರೂ ಅದೇ, ದೇವ್ರ ಹೆಸ್ರೂ ಅದೇ, ನನ್ ಹೆಸ್ರೂ ಅದೇ ಕಣವ್ವ. ಹುಡುಕೋ ಕೆಲ್ಸನೇ ಇರ್ಲಿಲ್ಲ," ಎಂದು ಅಜ್ಜ ನನಗೆ ಹೇಳುತ್ತಿದ್ದ. ಹೇಳುವಾಗ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಬಟ್ಟೆ ಹೊಲಿಯುವುದನ್ನು ಕಲಿಯಲು ರಾಯದುರ್ಗಕ್ಕೆ ಬಂದವನು ಕಲಿಸಿದ ಗುರುವಿನ ಮಗಳನ್ನೇ ಮದುವೆಯಾಗಿ ಅಲ್ಲೇ ನಿಂತ. ಆದರೆ ಆ ಊರಿಗೆ ಅವನ ಹೆಸರು ಹಿಡಿಸಲಿಲ್ಲ. ಗಿರಾಕಿಗಳು ಎಂಜಾರಪ್ಪ ಎಂದರು, ಅಂಜಿನಪ್ಪ ಎಂದರು. ಮಿಷಿನ್ ತುಳಿಯುವ ರಭಸ ನೋಡಿ ಓಣಿಯ ಪುಂಡರು ಇಂಜಿನಪ್ಪ ಎಂದು ಹಾಡು ಕಟ್ಟಿದರು. ಮನೆಯ ಪಡಸಾಲೆಯಲ್ಲೇ ಸ್ವಂತ ಅಂಗಡಿ ಇಡುವಾಗ ಮಾವನೇ ಕೂರಿಸಿಕೊಂಡು ಬುದ್ಧಿ ಹೇಳಿದ: "ಬೋರ್ಡಿಗೆ ಛಲೋ ಹೆಸ್ರ ಬರಸ್ರಿ. ನಿಮ್ಮ ಹೆಸ್ರ ಯಾರ ಬಾಯಾಗೂ ತಿರಗಂಗಿಲ್ಲ." ಅಜ್ಜ ಹೂಂ ಎಂದು ತಲೆಯಾಡಿಸಿ ಹೋಗಿ, ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ತೆಲುಗಿನಲ್ಲಿ "ಹೆಂಜೇರಪ್ಪ ಟೈಲರ್" ಎಂದೇ ಬರೆಸಿಕೊಂಡು ಬಂದ. ಅಕ್ಷರಗಳು ದೂರದ ಬಸ್‌ ನಿಲ್ದಾಣಕ್ಕೂ ಕಾಣುವಷ್ಟು ದಪ್ಪಗಿದ್ದವಂತೆ.

ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಓಣಿಯಲ್ಲಿ ಮನೆಮನೆಗೂ ಹೊಲಿಗೆಯಿತ್ತು. ಸಾಹುಕಾರರ ಕಡೆಯಿಂದ ಕತ್ತರಿಸಿದ ಬಟ್ಟೆಯ ಕಟ್ಟುಗಳು ಬರುತ್ತಿದ್ದವು. ಗಂಡಸರು ಮಿಷಿನ್ನಿನಲ್ಲಿ ಹೊಲಿದರೆ ಹೆಂಗಸರು ಮನೆಯಲ್ಲಿ ಕೂತು ಕಾಜಾ ಹಾಕಿ ಗುಂಡಿ ಹಚ್ಚಬೇಕು. ಮಿಷಿನ್ನಿನ ಮುಂದೆ ಹೆಣ್ಣು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಆಗ ಬೊಮ್ಮನಹಾಳದ ಕಡೆಯಿಂದ ಹನುಮಕ್ಕ ಎಂಬ ಹುಡುಗಿ ನಮ್ಮ ಓಣಿಯ ತವರಿಗೆ ಮರಳಿ ಬಂದಳು. ಕಾಲುವೆ ಗದ್ದೆಯಲ್ಲಿ ಹಾವು ಕಚ್ಚಿ ಗಂಡ ಸತ್ತಿದ್ದ, ಹೊಟ್ಟೆಯಲ್ಲಿ ಕೂಸಿತ್ತು. ಒಂದು ಮಧ್ಯಾಹ್ನ ಅವಳು ನಮ್ಮ ಪಡಸಾಲೆಯ ಹೊಸ್ತಿಲಲ್ಲಿ ನಿಂತು, ಸೆರಗಿನ ತುದಿ ತಿರುವುತ್ತ, "ಮಿಷಿನ್ ಕಲಿಸ್ತೀರೇನ್ರಿ ಮಾವ? ಗುಂಡಿ ಹಚ್ಚಿದ್ರ ಒಂದು ಹೊಟ್ಟಿ ತುಂಬಂಗಿಲ್ಲ, ನನಗ ಎರಡು ತುಂಬಬೇಕು," ಎಂದದ್ದು ನನಗೆ ನೆನಪಿದೆ. ಅಜ್ಜ ತಾನು ಕೂತಿದ್ದ ಸ್ಟೂಲಿನಿಂದ ಎದ್ದು, ಅದರ ಮೇಲಿನ ನೂಲನ್ನು ಕೈಯಲ್ಲಿ ಸವರಿ, ಕೂತುಕೋ ಎಂಬಂತೆ ಅವಳ ಕಡೆಗೆ ಸರಿಸಿದ.

ಸಂಜೆಯೊಳಗೆ ಓಣಿಯ ಟೈಲರುಗಳೆಲ್ಲ ನಮ್ಮ ಮನೆ ಮುಂದೆ ಸೇರಿದರು. ಮುಂದೆ ನಿಂತವನು ಪಕ್ಕದ ಮನೆಯ ರುದ್ರಣ್ಣ, ದಿನವೂ ನಮ್ಮಲ್ಲೇ ಚಹಾ ಕುಡಿಯುವ ಗೆಳೆಯ. "ಇವತ್ತು ಒಬ್ಬಾಕಿ, ನಾಳೆ ಓಣಿ ತುಂಬ ಬರ್ತಾರ. ನಮ್ಮ ಹೊಟ್ಟಿ ಮ್ಯಾಲೆ ಯಾಕ ಹೊಡೀತೀರ್ರಿ?" ಎಂದು ಕೂಗಾಡಿದ. ಅಜ್ಜ ಕುತ್ತಿಗೆಯ ಟೇಪನ್ನು ತೆಗೆದು ಮಡಿಸುತ್ತ, "ಕಲೀತೀನಿ ಅಂತ ಬಂದವ್ಳೆ ರುದ್ರಣ್ಣ. ಬ್ಯಾಡ ಅನ್ನಾಕೆ ನಾನ್ಯಾರು? ನಂಗೂ ಈ ಊರಾಗೆ ಯಾರೋ ಒಬ್ರು ಕಲ್ಸಿದ್ರಲ್ಲ," ಎಂದ. ಮಾತು ಅಷ್ಟಕ್ಕೇ ಮುಗಿಯಿತು. ಟೈಲರುಗಳೆಲ್ಲ ಹೋಗಿ ಸಾಹುಕಾರರಿಗೆ ಹೇಳಿದ್ದರಿಂದ, ಮಾರನೆಯ ದಿನದಿಂದ ನಮ್ಮ ಮನೆಗೆ ಬಟ್ಟೆಯ ಕಟ್ಟು ಬರುವುದು ನಿಂತಿತು. ರುದ್ರಣ್ಣ ಚಹಾಕ್ಕೆ ಬರಲಿಲ್ಲ. ಪೆಡಲಿನ ಸದ್ದಿಲ್ಲದ ಆ ಪಡಸಾಲೆ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ನಾನು ಅಲ್ಲಿ ಆಡಲು ಹೆದರುತ್ತಿದ್ದೆ. ಅಜ್ಜ ಮಂಕಾದ. ಅವಳನ್ನು ಬೇಡವೆಂದುಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ಬಂಧುಗಳು ಅಜ್ಜಿಗೆ ಹೇಳಿದರು. ಅಜ್ಜಿ ಅವರಿಗೆ ಊಟ ಬಡಿಸಿ ಕಳಿಸಿದಳು. ಆಮೇಲೆ ತವರಿನಿಂದ ಬಂದಿದ್ದ, ಅಟ್ಟದಲ್ಲಿ ದೂಳು ತಿನ್ನುತ್ತಿದ್ದ ಹಳೆಯ ಮಿಷಿನ್ನನ್ನು ಇಳಿಸಿ, ತಾನೇ ಒರೆಸಿ, ಗಂಡನಿಗೆ ಹೇಳಿದಳು: "ನನಗೂ ಕಲಸ್ರಿ. ಒಬ್ಬಾಕಿ ಕುಂತ್ರ ಮಾತು, ಇಬ್ರು ಕುಂತ್ರ ಕೆಲ್ಸ."

ಕಟ್ಟು ಕೊಡುವವರಿಲ್ಲವಾದ್ದರಿಂದ ಅಜ್ಜ ಬಟ್ಟೆಯನ್ನು ತಾನೇ ತಂದು ಕತ್ತರಿಸಿದ. ಮಕ್ಕಳ ಚಡ್ಡಿ, ಅಂಗಿ, ಲಂಗ. ಹನುಮಕ್ಕ ಹೊಟ್ಟೆ ತಾಗದಂತೆ ಸ್ಟೂಲನ್ನು ತುಸು ಹಿಂದೆ ಸರಿಸಿಕೊಂಡು ಕೂತು ಹೊಲಿದಳು, ಅಜ್ಜಿ ಹೊಲಿದಳು, ಆಮೇಲೆ ಇನ್ನಿಬ್ಬರು ನೆರೆಯವರು ಹಿತ್ತಿಲ ಬಾಗಿಲಿನಿಂದ ಬಂದು ಸೇರಿಕೊಂಡರು. ಅಜ್ಜ ಗಂಟು ಹೊತ್ತು ಬಸ್ಸು ಹತ್ತಿದ. ಬೊಮ್ಮನಹಾಳದ ಕಡೆಯ ಹಳ್ಳಿಗಳಲ್ಲಿ ಮೊದಮೊದಲು ಏನೂ ಹೋಗಲಿಲ್ಲ. ಆಮೇಲೆ ಅಗಳಿಯ ಸಂತೆಗೆ ಹೋದ. ಅಲ್ಲಿ ಯಾರೋ ಹೆಸರು ಕೇಳಿದರು. ಹೆಂಜೇರಪ್ಪ ಎಂದ ಕೂಡಲೇ ಶೇಂಗಾ ಮಾರಲು ಬಂದ ಮುದುಕಿಯೊಬ್ಬಳು, "ಅಯ್ ನಮ್ ದೇವ್ರ ಹೆಸ್ರಿನೋನು! ಕೊಡಪ್ಪ, ನನ್ ಮೊಮ್ಮಗಂಗೆ ಒಂದು ಕೊಡು," ಎಂದು ಕೈ ಚಾಚಿದಳಂತೆ. ಯಾವ ಹೆಸರು ರಾಯದುರ್ಗದಲ್ಲಿ ನಗೆಪಾಟಲಾಗಿತ್ತೋ, ಅದು ಅಲ್ಲಿ ಗಂಟು ಬಿಚ್ಚಿಸಿತು. ಸಂಜೆ ಅಜ್ಜ ಖಾಲಿ ಗಂಟನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಳಿದು ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಮನೆಯವರೆಗೂ ಓಣಿಯ ನಡುಮಧ್ಯದಲ್ಲೇ ನಡೆದು ಬಂದ. ಕೆಲವೇ ದಿನಗಳಲ್ಲಿ ಎರಡೂ ದಿಕ್ಕಿನ ಸಂತೆಗಳಲ್ಲಿ "ಹೆಂಜೇರಪ್ಪನ ಚಡ್ಡಿ" ಎಂದರೆ ಜನ ಹೊಲಿಗೆ ಎಳೆದು ನೋಡದೆ ಕೊಳ್ಳತೊಡಗಿದರು. ಮಳೆಗಾಲದ ಹೊತ್ತಿಗೆ ರುದ್ರಣ್ಣನ ಹೆಂಡತಿ ಒಂದು ತಟ್ಟೆ ಹೋಳಿಗೆ ಹಿಡಿದು, ಹಿಂದೆ ಸೊಸೆಯನ್ನು ಕರೆದುಕೊಂಡು, ಮುಂಬಾಗಿಲಿನಿಂದಲೇ ಬಂದಳು. "ಈಕಿಗೂ ಕಲಸ್ರಿ ಅಣ್ಣ. ನಮ್ಮ ಮನೆಯವ್ರಿಗೆ ಬಂದು ಕೇಳಾಕ ಮುಖ ಇಲ್ಲಂತ." ಅಜ್ಜ ಗೋಡೆಯ ಆಚೆಗೆ ಕೇಳುವಂತೆ ಕೂಗಿದ: "ರುದ್ರಣ್ಣಾ, ಚಾ ಆರೋಯ್ತದೆ, ಬಾರಯ್ಯ!"

ಹನುಮಕ್ಕನಿಗೆ ಗಂಡು ಹುಟ್ಟಿತು. ತೊಟ್ಟಿಲ ದಿನ ಬೊಮ್ಮನಹಾಳದ ಕಡೆಯಿಂದ ಅವಳ ಗಂಡನ ಮನೆಯವರು ಬಂದಿದ್ದರು. ಸತ್ತ ಮಗನ ಹೆಸರನ್ನೇ ಇಡುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಹನುಮಕ್ಕ ಕೂಸಿನ ಕಿವಿಗೆ ಬಾಗಿ, ಆಮೇಲೆ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ "ಹೆಂಜೇರಪ್ಪ" ಎಂದಳು. ಅವಳ ಗಂಡನ ತಂದೆ ಎದ್ದು ನಿಂತ. "ಅವ್ರ ಹೆಸ್ರು ನನ್ನ ಎದಿಯಾಗ ಐತ್ರಿ ಮಾವ, ಎಲ್ಲೂ ಹೋಗಂಗಿಲ್ಲ. ಕೂಸಿಗೆ ಅನ್ನ ಹಾಕಿದವ್ರ ಹೆಸ್ರು ಇರ್ಲಿ," ಎಂದಳು ಅವಳು. ಮೂಲೆಯಲ್ಲಿ ಕೂತಿದ್ದ ಅಜ್ಜ ಗಾಬರಿಯಾಗಿ, "ಬ್ಯಾಡ ಕಣಮ್ಮಿ, ಇಸ್ಕೂಲಾಗೆ ನಗ್ತಾರೆ," ಎಂದ. "ನಗ್ಲಿ ಬಿಡ್ರಿ. ನಕ್ಕೋರೆಲ್ಲ ಈಗ ಎಲ್ಲಿ ಕುಂತು ಹೊಲ್ಯಾಕತ್ತ್ಯಾರ?" ಎಂದಳು ಹನುಮಕ್ಕ. ಇಡೀ ಮನೆ ನಕ್ಕಿತು. ಆ ಮುದುಕ ಮಾವನೂ ಕೂಸಿನ ಕಾಲು ಮುಟ್ಟಿ, ಹೊಸ ಹೆಸರಿನಿಂದ ಒಂದು ಸಲ ಕರೆದು ನೋಡಿದ.

ಅಲ್ಲಿಂದ ಶುರುವಾಯಿತು. ಮಿಷಿನ್ ಕಲಿತು ಹೋದ ಹೆಂಗಸರು ತಮ್ಮ ಮಕ್ಕಳಿಗೆ, ಅಕ್ಕತಂಗಿಯರ ಮಕ್ಕಳಿಗೆ ಅದೇ ಹೆಸರಿಟ್ಟರು. ಹೊಸ ಕಾಲದವರು ಹೆಂಜೇರೇಶ ಎಂದು ತಿದ್ದಿದರು, ಇನ್ನೊಬ್ಬರು ಹೆಂಜೇರಕುಮಾರ ಎಂದರು. ರುದ್ರಣ್ಣನ ಮೊಮ್ಮಗನೂ ಹೆಂಜೇರಪ್ಪನೇ. ಬೇರೆ ಊರಿನಿಂದ ಬಂದ ಮೇಷ್ಟರೊಬ್ಬರು ಹಾಜರಿ ಕರೆದಾಗ ಹಲವರು ಒಟ್ಟಿಗೆ ಎದ್ದು ನಿಂತದ್ದರಿಂದ, ಇವರು ತಮ್ಮನ್ನು ಆಟವಾಡಿಸುತ್ತಿದ್ದಾರೆಂದು ಎಲ್ಲರಿಗೂ ಬೆತ್ತ ತೋರಿಸಿದರು. ಕಷ್ಟಕ್ಕೆ ಬಿದ್ದವಳು ಅಜ್ಜಿ. ಗಂಡನ ಹೆಸರು ಬಾಯಲ್ಲಿ ಹೇಳದ ಕಾಲದವಳು. ಓಣಿ ತುಂಬ ಅದೇ ಹೆಸರು ಓಡಾಡುತ್ತಿದ್ದರೂ ಒಬ್ಬನನ್ನೂ ಹೆಸರಿನಿಂದ ಕರೆಯುವಂತಿಲ್ಲ. "ಲೇ, ನಮ್ಮವ್ರ ಹೆಸರಿನವನ, ಉಪ್ಪು ತಂದುಕೊಡು ಬಾ," ಎನ್ನುತ್ತಿದ್ದಳು. ಹಾಗೆ ಕರೆಯುವಾಗ ಅವಳ ಮುಖದಲ್ಲಿ ಮೂಡುತ್ತಿದ್ದ ಹೆಮ್ಮೆಯನ್ನು ನಾನು ಬೇರೆ ಯಾವ ಹೆಂಗಸಿನ ಮುಖದಲ್ಲೂ ಕಂಡಿಲ್ಲ.

ಅಜ್ಜ ತುಂಬು ಬದುಕು ಬಾಳಿ ಈಚೆಗೆ ಹೋದ. ನಾನು ಮಡಕಶಿರಾದಿಂದ ಮೊದಲ ಬಸ್ಸಿಗೆ ಹೊರಟು ರಾಯದುರ್ಗಕ್ಕೆ ಬಂದೆ. ನಮ್ಮಲ್ಲಿ ಮಸಣದ ಅರ್ಧ ದಾರಿಯಲ್ಲಿ ಒಂದು ಕಲ್ಲಿನ ಬಳಿ ಚಟ್ಟವನ್ನು ಇಳಿಸಿ, ಹೋದವರ ಹೆಸರು ಹಿಡಿದು ಮೂರು ಸಲ ಕರೆಯುತ್ತಾರೆ. ಜೀವ ಎಲ್ಲಾದರೂ ಉಳಿದಿದ್ದರೆ ಓಗೊಡಲಿ ಎಂದು. ಹೆಂಗಸರು ಬರುವುದು ಅಲ್ಲಿಯವರೆಗೆ ಮಾತ್ರ. ಹಿರಿಯ ಮಗನಾದ ನನ್ನ ಅಪ್ಪ ಕರೆಯಬೇಕಿತ್ತು. ತಂದೆಯನ್ನು ಹೆಸರಿನಿಂದ ಎಂದೂ ಕರೆದವನಲ್ಲ. ಮೊದಲ ಸಲ ದನಿ ಹೊರಡಲಿಲ್ಲ. ಎರಡನೆಯದು ಕಿವಿಯಲ್ಲಿ ಹೇಳಿದಷ್ಟೇ ಆಯಿತು. ಮೂರನೆಯ ಸಲ ಅಳು ಒತ್ತಿ ಬಂದು, "ಹೆಂಜೇರಪ್ಪಾ!" ಎಂದು ಕೂಗಿಬಿಟ್ಟ.

"ಓ!" ಎಂದಿತು ಗುಂಪಿನ ಹಿಂದಿನಿಂದ ಒಂದು ದನಿ. ಬಳ್ಳಾರಿಯಿಂದ ಆಗಷ್ಟೇ ಬಂದು ಸೇರಿದ್ದ ಹನುಮಕ್ಕನ ಮಗ, ಯಾರೋ ತನ್ನನ್ನು ಕರೆದರೆಂದುಕೊಂಡಿದ್ದ. ಅದರ ಬೆನ್ನಿಗೇ ಎಡಗಡೆಯಿಂದ ಇನ್ನೊಂದು ಓ, ಬಾವಿಕಟ್ಟೆಯ ಕಡೆಯಿಂದ ಮತ್ತೊಂದು. ಓಗೊಟ್ಟವರು ನಾಲಗೆ ಕಚ್ಚಿಕೊಂಡು ತಲೆ ತಗ್ಗಿಸಿದರು. ಅಪ್ಪ ಏನು ಮಾಡಬೇಕೆಂದು ತಿಳಿಯದೆ ಅಜ್ಜಿಯ ಮುಖ ನೋಡಿದ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಓ ಅಂದ್ರಲ್ಲಪ್ಪ, ಕೇಳಲಿಲ್ಲೇನು? ಎತ್ರಿ ಇನ್ನ. ಬಿಸಲು ಏರಾಕತ್ತೈತಿ."

ಓ ಎಂದವರೇ ಮುಂದೆ ಬಂದು ಹೆಗಲು ಕೊಟ್ಟರು. ನಾವು ಹೆಂಗಸರು ಆ ಕಲ್ಲಿನ ಬಳಿಯೇ ನಿಂತು, ಅವರು ಜಾಲಿಮರದ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದೆವು.