ಅತ್ತೆಯ ಪುಡಿಯನ್ನು ಯಂತ್ರಕ್ಕೆ ಕೊಟ್ಟ ವಾರ

ಈಗಲೂ ಯಾರಾದರೂ ನನ್ನೆದುರು ಬೆವರಿದರೆ ನನ್ನ ಕಣ್ಣು ಮೊದಲು ಅವರ ಮೇಲ್ದುಟಿಗೆ ಹೋಗುತ್ತದೆ. ಕಲಬುರಗಿಯಂಥ ಊರಲ್ಲಿದ್ದು ಬೆವರಿಗೆ ಹೆದರುವುದೆಂದರೆ ನಗೆಪಾಟಲೇ. ಆದರೆ ಅತ್ತೆ ಬಿದ್ದ ದಿನ ಸೆಖೆ ಇರಲಿಲ್ಲ. ಶ್ರಾವಣದ ಮೊದಲ ಸೋಮವಾರ, ಅವಳ ಉಪವಾಸದ ದಿನ; ಮೋಡ ಮುಚ್ಚಿತ್ತು, ತಂಪು ಗಾಳಿ ಬೀಸುತ್ತಿತ್ತು. ಅಂಥ ಗಾಳಿಯಲ್ಲೂ ಅವಳ ತುಟಿಯ ಮೇಲೆ ಸಾಸಿವೆಯಷ್ಟು ದಪ್ಪ ಹನಿಗಳು ನಿಂತಿದ್ದವು.

ಅತ್ತೆ ಅಂದರೆ ಅಪ್ಪನ ಅಕ್ಕ. ಕಲಬುರಗಿಗೆ ಹತ್ತಿರದ ಕಮಲಾಪುರದ ಹೆದ್ದಾರಿ ಪಕ್ಕ ಕೆಂಪು ಬಾಳೆಹಣ್ಣು ಮಾರುತ್ತಾಳೆ. ಅವಳಿಗೇ ಸಕ್ಕರೆ ಕಾಯಿಲೆ. "ಮಂದಿಗೆ ತಿನಸೋದು, ನಾ ಮೂಸಿ ನೋಡೋದು" ಎಂದು ತಾನೇ ನಗುತ್ತಿದ್ದಳು. ನಾನಾಗ ಕಲಬುರಗಿಯಲ್ಲಿ ಎಂ.ಫಾರ್ಮ್ ಓದುತ್ತಿದ್ದೆ, ಔಷಧ ವಿಶ್ಲೇಷಣೆ ನನ್ನ ವಿಷಯ. ಅಲ್ಲಿಯೇ ಖೂಬಾ ಪ್ಲಾಟ್ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದೆ. ಆ ಸೋಮವಾರ ರಜೆ ಇದ್ದುದರಿಂದ ಅವಳ ಹತ್ತಿರ ಬಂದಿದ್ದೆ.

ಹಣ್ಣಿನ ಗೊನೆಗೆ ಕೈ ಚಾಚಿದವಳು ಹಾಗೆಯೇ ಕುಸಿದಳು. ಕಣ್ಣುಗಳು ತೆರೆದಿದ್ದವು, ನನ್ನನ್ನು ಮಾತ್ರ ನೋಡುತ್ತಿರಲಿಲ್ಲ. ಪಕ್ಕದ ಅಂಗಡಿಯವರು ಬೆಲ್ಲದ ನೀರು ತಂದು ಬಾಯಿಗೆ ಸುರಿಯಲು ಬಂದರು. "ಹಾಕಬ್ಯಾಡ್ರಿ, ಎಚ್ಚರಿಲ್ಲ ಆಕಿಗೆ, ಉಸಿರಿಗೆ ಸಿಗತದ!" ಎಂದು ನಾನು ಕಿರುಚಿದ್ದು ನನಗೇ ಬೇರೆಯವರ ದನಿಯಂತೆ ಕೇಳಿಸಿತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಸಿಸ್ಟರ್ ಬೆರಳು ಚುಚ್ಚಿ ರಕ್ತ ನೋಡಿದರು. ಯಂತ್ರದಲ್ಲಿ ಅಂಕಿಯೇ ಬರಲಿಲ್ಲ, ಬರೀ "ಲೋ" ಎಂದು ಬಂತು. ಅಳೆಯಲೂ ಆಗದಷ್ಟು ಕಡಿಮೆ.

ಗ್ಲೂಕೋಸ್ ನರಕ್ಕೆ ಹೋದ ಮೇಲೆ ಎದ್ದು ಕುಳಿತು ಚಹಾ ಕೇಳಿದಳು. ಸಂಜೆಗೆ ಮತ್ತೆ ಬೆವರಿ ಮಂಕಾದಳು. ಡಾಕ್ಟರಿಗೆ ಅಲ್ಲಿಯೇ ಸಂಶಯ ಬಂತು.

"ಬರೀ ಉಪಾಸಕ್ಕ ಹಿಂಗ ಆಗಂಗಿಲ್ಲಬೇ. ಯಾವ ಗುಳಗಿ ತಗೊಂತಿ?"

"ಗುಳಗಿ ಬಿಟ್ಟು ಭಾಳ ದಿನ ಆತ್ರೀ. ಸಂತ್ಯಾಗ ಒಬ್ಬಾವ ಪುಡಿ ಕೊಡತಾನ. ಬರೀ ಬೇರು, ನಾರು. ಸಕ್ಕರಿ ಹಂಗ ಇಳದದ ನೋಡ್ರಿ."

ಡಾಕ್ಟರು ಆ ಪುಡಿ ಬಿಡಲು ಹೇಳಿದರು. ಎರಡು ದಿನದ ನಂತರ ಮನೆಗೆ ಬಂದ ಅತ್ತೆ ಮೊದಲು ಕೈ ಹಾಕಿದ್ದು ಅದೇ ಪುಡಿಯ ಡಬ್ಬಿಗೆ. "ನಿಶಕ್ತಿ ಬಂದಿತ್ತು, ಅಷ್ಟ. ಬರೋ ಸೋಮವಾರನೂ ಉಪಾಸ ಮಾಡಾಕಿ ನಾ. ದೇವರಿಗೆ ಅಂದೀನಿ." ಅತ್ತೆಗೆ ಗುಳಿಗೆಯೆಂದರೆ ಆಗದು. ಗುಳಿಗೆಯಿಲ್ಲದೆ ರೋಗ ಗೆದ್ದೆನೆಂಬುದು ಅವಳ ದೊಡ್ಡ ಹೆಮ್ಮೆ. ಪುಡಿಯೂ ಉಪವಾಸವೂ ಒಂದೇ ದಿನ ಮತ್ತೆ ಸೇರಿದರೆ, ಪಕ್ಕದಲ್ಲಿ ನಾನಿರದಿದ್ದರೆ, ಎಂಬಲ್ಲಿಗೆ ನನ್ನ ಯೋಚನೆ ಬಂದು ನಿಲ್ಲುತ್ತಿತ್ತು. ಅವಳು ಸ್ನಾನಕ್ಕೆ ಹೋದಾಗ ಒಂದು ಚಮಚ ಪುಡಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಲ್ಯಾಬಿನಲ್ಲಿ ನನ್ನ ಗೈಡ್ ಮೇಡಂ ಪೊಟ್ಟಣ ಬಿಚ್ಚಿ ನೋಡಿದರು. "ಸಕ್ಕರಿ ಇಳಿಸೋ ಹಳೇ ಗುಳಗಿ ಗ್ಲಿಬೆನ್‌ಕ್ಲಮೈಡ್. ಅಗ್ಗ, ಪುಡಿ ಮಾಡಿ ಕೂಡಸಾಕ ಸುಲಭ. ಅದರಿಂದ ಸುರು ಮಾಡು" ಎಂದರು. ಪ್ರಾಕ್ಟಿಕಲ್‌ಗೆಂದು ಅದರ ಶುದ್ಧ ಮಾದರಿ ನಮ್ಮ ಕಪಾಟಿನಲ್ಲಿಯೇ ಇತ್ತು.

ಎಚ್‌ಪಿಎಲ್‌ಸಿ ಎಂಬ ಯಂತ್ರವನ್ನು ಅದುವರೆಗೆ ನಾನು ಅಂಕಗಳಿಗಾಗಿ ಮಾತ್ರ ಕಲಿತಿದ್ದೆ. ಪುಡಿಯನ್ನು ಮೆಥನಾಲಿನಲ್ಲಿ ಕಲಸಿ, ಸೋಸಿ, ಹನಿಯಷ್ಟನ್ನು ಸಿರಿಂಜಿನಿಂದ ಕೊಡಬೇಕು. ದ್ರಾವಕ ಅದನ್ನು ಗೇಣುದ್ದದ ಉಕ್ಕಿನ ಕೊಳವೆಯೊಳಗೆ ತಳ್ಳಿಕೊಂಡು ಹೋಗುತ್ತದೆ. ಒಳಗೆ ಪ್ರತಿ ಪದಾರ್ಥವೂ ತನ್ನದೇ ವೇಗದಲ್ಲಿ ನಡೆದು ತನ್ನದೇ ಹೊತ್ತಿಗೆ ಹೊರಬೀಳುತ್ತದೆ. ಹೊರಬಿದ್ದಾಗ ತೆರೆಯ ಮೇಲಿನ ಗೆರೆ ಗುಡ್ಡದಂತೆ ಏಳುತ್ತದೆ.

ನನಗೆ ಅವಸರ. ಶುದ್ಧ ಮಾದರಿ ಮೊದಲು ಕೊಟ್ಟೆ, ಅದರ ಗುಡ್ಡ ಎದ್ದಿತು. ಹಿಂದೆಯೇ ಪುಡಿಯ ಸಾರ ಕೊಟ್ಟೆ. ಬೇರು ನಾರುಗಳ ಸಣ್ಣ ದಿಬ್ಬಗಳು ಸಾಲಾಗಿ ಬಂದವು, ಆಮೇಲೆ ಸರಿಯಾಗಿ ಅದೇ ಜಾಗದಲ್ಲಿ ಒಂದು ಗುಡ್ಡ. ನಾನು ಕುರ್ಚಿಯಿಂದ ಜಿಗಿದೆ. ಪಕ್ಕದ ಟೇಬಲ್ಲಿನಲ್ಲಿದ್ದ ಗಾಜಿಪುರ ಬಡಾವಣೆಯ ಗೆಳತಿ ಪಿಪೆಟ್ ಕೆಳಗಿಟ್ಟು ನನ್ನನ್ನು ತಬ್ಬಿಕೊಂಡಳು.

ಮೇಡಂ ಮಾತ್ರ ಬಾಗಿಲಲ್ಲೇ ನಿಂತು ಕೇಳಿದರು, "ಬರೀ ಮೆಥನಾಲ್ ಹಾಕಿ ನೋಡಿಯೇನವಾ?"

ಹಾಕಿದೆ. ಏನೂ ಇರಬಾರದ ಖಾಲಿ ಮೆಥನಾಲಿನಲ್ಲೂ ಅದೇ ಜಾಗದಲ್ಲಿ ಒಂದು ಚಿಕ್ಕ ಗುಡ್ಡ!

ಇಡೀ ಬ್ಯಾಚಿಗೆ ಒಂದೇ ಯಂತ್ರ. ಮೆಥನಾಲು ಉಳಿಸಬೇಕೆಂದು ಸಿರಿಂಜನ್ನು ಹೆಸರಿಗೆ ಮಾತ್ರ ತೊಳೆಯುವುದು ನಮ್ಮೆಲ್ಲರ ರೂಢಿಯಾಗಿತ್ತು. ಶುದ್ಧ ಮಾದರಿಯ ಉಳಿಕೆ ಸಿರಿಂಜಿನಲ್ಲೋ ಅದು ಹೋಗುವ ದಾರಿಯಲ್ಲೋ ಕುಳಿತಿತ್ತು. ನಾನು ಕಂಡ ಗುಡ್ಡ ಅತ್ತೆಯ ಪುಡಿಯದೋ, ನಮ್ಮ ಜಿಪುಣತನದ್ದೋ ಯಾರಿಗೆ ಗೊತ್ತು?

"ಮದುವಿ ಮಾಡಿ ಮುಗಿಸಿದ್ವಿ, ವರ ಯಾರಂತ ಈಗ ಕೇಳಬೇಕಾತು" ಎಂದು ಗೆಳತಿ ಛೇಡಿಸಿದಳು. ನನಗೆ ನಗು ಬರಲಿಲ್ಲ. ಅಂದು ಶುಕ್ರವಾರ.

ಶನಿವಾರ ಬೆಳಿಗ್ಗೆ ಬೇಗ ಹೋಗಿ ತೊಳೆದೆವು. ಸಿರಿಂಜು, ದಾರಿ, ಕೊಳವೆ, ಎಲ್ಲ. ಮೊದಲು ಖಾಲಿ ಮೆಥನಾಲ್ ಕೊಟ್ಟೆ: ಗೆರೆ ಒಣಗಲು ಹಾಕಿದ ಸೀರೆಯಂತೆ ಚಪ್ಪಟೆ. ನಂತರ ಪುಡಿ. ಶುದ್ಧ ಮಾದರಿ ಎಲ್ಲಕ್ಕಿಂತ ಕೊನೆಗೆ ಎಂದು ಈ ಸಲ ಅದನ್ನು ಕಪಾಟಿನಿಂದ ತೆಗೆದೇ ಇರಲಿಲ್ಲ. ದಿಬ್ಬಗಳು ಬಂದವು, ಹೋದವು. ಆ ಹೊತ್ತಿಗೆ ಸರಿಯಾಗಿ ಗೆರೆ ಎದ್ದಿತು. ಹೆಚ್ಚುಕಡಿಮೆ ನಿನ್ನೆಯಷ್ಟೇ ಎತ್ತರ, ಒಂದೇ ತುದಿ.

"ಒಂದೇ ಬಸ್ಸಿನಾಗ ಇಬ್ಬರು ಇಳದರ ಇಬ್ಬರೂ ಒಬ್ಬಾಕಿನೇ ಆಗತಾಳೇನು?" ಎಂದರು ಮೇಡಂ. ಅದೂ ಸರಿಯೇ. ಪುಡಿಯ ಸಾರಕ್ಕೆ ಶುದ್ಧ ಮಾದರಿಯನ್ನೇ ತುಸು ಬೆರೆಸಿ ಕೊಟ್ಟೆ. ಎರಡೂ ಬೇರೆ ಬೇರೆಯಾಗಿದ್ದರೆ ಗುಡ್ಡ ಸೀಳಬೇಕಿತ್ತು, ಇಲ್ಲವೇ ಪಕ್ಕದಲ್ಲಿ ಹೆಗಲಿನಂಥ ಉಬ್ಬು ಮೂಡಬೇಕಿತ್ತು. ಸೀಳಲಿಲ್ಲ, ಅದೇ ಗುಡ್ಡ ಇನ್ನೂ ಎತ್ತರವಾಯಿತು. ಕೊನೆಗೆ ಶುದ್ಧ ಮಾದರಿಯನ್ನೊಂದೇ ಕೊಟ್ಟು, ಅದರ ಗುಡ್ಡವೂ ಪುಡಿಯ ಗುಡ್ಡವೂ ಬೆಳಕು ಹೀರಿದ ರೀತಿಯ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆವು. ಗೆರೆಯೊಳಗೆ ಗೆರೆ ಮುಳುಗಿಹೋಯಿತು.

ಮೇಡಂ ಆಗ ನನ್ನ ಬೆನ್ನಿಗೊಂದು ಗುದ್ದಿದರು. "ಈಗ ಕುಣಿ!"

ಕುಣಿದೆ. ನನ್ನ ಓದೆಲ್ಲ ಇದೊಂದು ಬೆಳಗಿಗಾಗಿಯೇ ಇತ್ತೇನೋ ಎನ್ನಿಸಿತು. ಕಣ್ಣಿಗೆ ಕಾಣದೆ ಅತ್ತೆಯನ್ನು ನೆಲಕ್ಕೆ ಕೆಡವಿದ್ದ ಶತ್ರುವನ್ನು ಕೊರಳಪಟ್ಟಿ ಹಿಡಿದು ತೆರೆಯ ಮೇಲೆ ನಿಲ್ಲಿಸಿದ್ದೆ. ಮೇಡಂ ಔಷಧ ನಿಯಂತ್ರಣದವರಿಗೆ ಫೋನು ಮಾಡಿದರು. ನಮ್ಮ ಲ್ಯಾಬಿನ ಪರೀಕ್ಷೆ ಕೋರ್ಟಿನಲ್ಲಿ ನಡೆಯುವುದಿಲ್ಲ, ತಾವೇ ಪುಡಿ ವಶಪಡಿಸಿಕೊಂಡು ತಮ್ಮ ಪ್ರಯೋಗಾಲಯಕ್ಕೆ ಕಳಿಸಬೇಕು, ಸಂತೆಗೆ ಬರುತ್ತೇವೆ ಎಂದರು ಅವರು.

ಭಾನುವಾರ ಕಮಲಾಪುರಕ್ಕೆ ಹೋಗಿ ಗ್ರಾಫನ್ನು ಅತ್ತೆಯ ಮುಂದೆ ಹಣ್ಣಿನ ಗೊನೆಯ ಮೇಲೆಯೇ ಹಾಸಿದೆ. ಪುಡಿ ಕದ್ದು ಒಯ್ದದ್ದಕ್ಕೆ ಮೊದಲು ಬೈಗುಳ ಬಿತ್ತು. ಆಮೇಲೆ ಬೆರಳಿಟ್ಟು ತೋರಿಸಿದೆ.

"ಇದು ನಿನ್ನ ಪುಡಿ. ಇದು ಗುಳಗಿ. ಇದು ಎರಡೂ ಕೂಡಿಸಿದ್ದು."

ಅತ್ತೆ ಬಹಳ ಹೊತ್ತು ನೋಡಿದಳು. "ಕೂಡಿಸಿದರೂ ಗುಡ್ಡ ಒಂದೇ ಅದಲ್ಲ."

"ಬ್ಯಾರೆ ಇದ್ದಿದ್ದರ ಎರಡು ಆಗತಿದ್ವು."

ಅವಳ ಮುಖ ಕೆಂಪಾಯಿತು. "ಅಂದ್ರ ಇಷ್ಟ್ ದಿನ ನಾ ಗುಳಗೀನೇ ನುಂಗಾಕತ್ತಿದ್ನೇನು? ಆ ಭಾಡ್ಯಾ ನನಗ ಬೇರಂತ ಗುಳಗಿ ತಿನಿಸ್ಯಾನ? ಬರಲಿ ಸಂತಿಗೆ!" ಸಾವಿಗೆ ಅಂಜದವಳು ಮೋಸಕ್ಕೆ ಉರಿದೆದ್ದಳು. ಡಬ್ಬಿಯನ್ನು ತಾನೇ ತಂದು ನನ್ನ ಮಡಿಲಿಗೆ ಕುಕ್ಕಿದಳು. "ಅದೇ ತಿನ್ನೋದಿದ್ದರ ಡಾಕ್ಟರ್ ಕೊಡೋದು ತಿಂತೀನಿ. ಅವರು ಎಷ್ಟ್ ತಗೋಬೇಕಂತರ ಹೇಳತಾರ."

ಸೋಮವಾರ ನಾನು ಕಾಲೇಜು ತಪ್ಪಿಸಿ ಅವಳ ಬಳಿಯೇ ಇದ್ದೆ. ಡಾಕ್ಟರು ಉಪವಾಸ ಬೇಡವೆಂದಿದ್ದರು. ದೇವರೊಡನೆ ಅದೇನು ಒಪ್ಪಂದವಾಯಿತೋ, ಬೆಳಿಗ್ಗೆ ಪೂಜೆ ಮುಗಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಅಂಗಡಿಗೆ ಬಂದಳು. ಮೋಡ ಅಂದಿನಂತೆಯೇ ಮುಚ್ಚಿತ್ತು. ಅವಳು ಗೊನೆಗೆ ಕೈ ಚಾಚಿದಾಗಲೆಲ್ಲ ನಾನು ಕುಳಿತಲ್ಲಿಂದ ಅರ್ಧ ಏಳುತ್ತಿದ್ದೆ. ಅವಳೋ ಹಣ್ಣು ಕಿತ್ತು, ಗಿರಾಕಿಗಳೊಡನೆ ಜಗಳವಾಡಿ, ಹೊತ್ತು ಮುಳುಗುವವರೆಗೆ ಗಟ್ಟಿಯಾಗಿ ನಿಂತಿದ್ದಳು.

ಕೊನೆಗೆ ನನ್ನತ್ತ ತಿರುಗಿದಳು. "ಏನ್ ನೋಡಾಕತ್ತಿ ಮುಂಜಾನಿಯಿಂದ ನನ್ನ ಮಾರಿ? ಇಲ್ಲಿ ಏನರ ಗುಡ್ಡ ಏಳತದೇನು?"

ಮೇಲ್ದುಟಿ ಒಣಗಿತ್ತು. ಗೆರೆ ಚಪ್ಪಟೆ.